ಹೊರಗೋಡೆಯ ಬಟ್ಟಲು

“ಕಣ್ಣಾಗ ಏನ್ ಇಟಗೊಂಡೀಯಲೇ ಬೋಳಿಮಗನ? ಇದು ಬೆಳ್ಳಗ ಕಾಣತೈತೇನ ನಿನಗ? ಹಳದಿ ಐತಿ, ಹಳದಿ! ಹಳದಿ ಬಟ್ಟಲದಾಗ ಜರ್ಮನ್ ಮಂದಿ ಉಣ್ಣಂಗಿಲ್ಲಂತ ಎಷ್ಟ ಸಲ ಬಡಕೋಬೇಕು?”

ಸುನಿಲಕುಮಾರ ಬಟ್ಟಲನ್ನು ನನ್ನ ಮೂಗಿನ ಹತ್ತಿರ ಹಿಡಿದು ಅಲ್ಲಾಡಿಸಿದ. ಅದರ ತಳದಲ್ಲಿ ಯಾರೋ ಉಂಡ ಬೇಳೆಸಾರಿನ ಅರಿಷಿಣ ಕಚ್ಚಿಕೊಂಡಿತ್ತು.

“ಅರಿಷಿಣದ ಕಲಿ ಸರ. ಎಷ್ಟ ತಿಕ್ಕಿದ್ರೂ ಬಿಡವಲ್ದು.”

“ಬಿಡವಲ್ದಂದ್ರ ಚೀಲಕ್ಕ ಒಗಿ, ಹೊಸಾದ ತಗಿ. ನಿಂತ ನನಗ ಕೆಮಿಸ್ಟ್ರಿ ಹೇಳಬ್ಯಾಡ.”

ಒಗೆದೆ. ಕಪ್ಪು ಚೀಲ ಆಗಲೇ ಕತ್ತಿನವರೆಗೆ ತುಂಬಿತ್ತು. ಅದರ ಮೇಲುಗಡೆ ಗೋಡೆಯ ಮೇಲೆ ಆಳೆತ್ತರದ ಹಸಿರು ಅಕ್ಷರಗಳಲ್ಲಿ, ಜರ್ಮನ್ ಭಾಷೆಯಲ್ಲಿ ಬರೆಸಿದೆ: ಒಂದು ಬಟ್ಟಲು, ಸಾವಿರ ಊಟ.

ಸಾವಿರ ಊಟ ಕಂಡ ಬಟ್ಟಲನ್ನು ನಾನು ಇನ್ನೂ ನೋಡಿಲ್ಲ. ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನ ಆಫೀಸುಗಳ ಕ್ಯಾಂಟೀನಿಗೆಲ್ಲ ನಮ್ಮ ಬಿಳಿ ಪ್ಲಾಸ್ಟಿಕ್ ಬಟ್ಟಲು ಹೋಗುತ್ತವೆ. ಅಲ್ಲಿ ಉಂಡವರು ಖಾಲಿ ಬಟ್ಟಲನ್ನು ಹಿಂದಿರುಗಿಸಿ, ಭೂಮಿತಾಯಿಗೆ ಒಂದು ಉಪಕಾರ ಮಾಡಿದೆವೆಂದು ಬಾಯಿ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಎಂಜಲು ನಮ್ಮ ಪಾಲಿಗೆ ಬರುತ್ತದೆ. ತಿಕ್ಕಿ, ತೊಳೆದು, ಒಣಗಿಸಿ ಮತ್ತೆ ಕಳಿಸುತ್ತೇವೆ. ಕಲೆ ಬಿದ್ದಿದ್ದು, ಗೀರು ಬಿದ್ದಿದ್ದು, ನೋಡಿದವರು ಮೂಗು ಮುರಿದಿದ್ದು ಚೀಲಕ್ಕೆ. ಶೆಡ್ಡಿನ ಬಾಗಿಲಲ್ಲಿ ನಿಂತರೆ ದೂರದಲ್ಲಿ ಕಸ ಸುಡುವ ಚಿಮಣಿ ಕಾಣುತ್ತದೆ. ಚೀಲ ಅಲ್ಲಿಗೆ ಹೋಗುತ್ತದೆ, ಹೊಸ ಬಟ್ಟಲು ಹಡಗಿನಲ್ಲಿ ಬರುತ್ತದೆ. ಹೊರಗೆ ಥಳಕು, ಒಳಗೆ ಹುಳುಕು ಅಂದರೆ ಇದೇ.

ಕಂಪನಿಯ ಹೆಸರು ಬಟ್ಲೊ. ಅದರ ಮಾಲೀಕ, ಧಾರವಾಡದ ಸುನಿಲಕುಮಾರ, ಮೊದಲು ಕಾರು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ. ಅದನ್ನು ಬಿಟ್ಟು ಭೂಮಿ ಉಳಿಸಲು ಇಳಿದ. ಎದುರಿಗೆ ನಾನು ಅವನಿಗೆ ಸರ ಅನ್ನುತ್ತೇನೆ. ಈ ಬರಹದಲ್ಲಿ ಏಕವಚನವೇ ಸಾಕು.

ತಿಕ್ಕುವ ನೀರಿಗೆ ಕಾಸ್ಟಿಕ್ ಸೋಡಾ ಬೆರೆಸುತ್ತೇವೆ. ಅಳೆದು ಬಿಡುವ ಪಂಪು ಕೆಟ್ಟು ಬಹಳ ದಿನವಾಯಿತು, ಈಗ ಜಗ್ಗಿನಿಂದ ಸುರಿಯುವುದೇ. ಕಾಸ್ಟಿಕ್ ಮುಟ್ಟಿದ ಕೈ ಮೊದಲು ಸೋಪು ಹಚ್ಚಿದಂತೆ ಜಾರುತ್ತದೆ, ಆಮೇಲೆ ಉರಿಯಲು ಶುರುವಾಗುತ್ತದೆ. ನನ್ನ ಜತೆ ತಿಕ್ಕುವ ರಫಿಯಾ ವಿಜಯಪುರದವಳು, ಡಿಪ್ಲೊಮಾ ಓದಿದವಳು. ಗಂಡ ಹಿದಾಯತುಲ್ಲಾನ ಐಟಿ ಕೆಲಸ ಹೋದ ಮೇಲೆ ಇಲ್ಲಿಗೆ ಬಂದಳು. ಅವಳು ಒಮ್ಮೆ ಧೈರ್ಯ ಮಾಡಿ ಕೇಳಿದಳು.

“ಸರ, ರಬ್ಬರ್ ಗ್ಲೌಸ್ ಕೊಡಸ್ರಿ. ಮನ್ಯಾಗ ರೊಟ್ಟಿ ಬಡ್ಯಾಕ ಆಗವಲ್ದು, ಕೈ ಸುಲದಾವ.”

“ಅಲ್ಲಬೇ ರಫಿಯಾ, ನಮ್ಮದು ಸಿಂಗಲ್ ಯೂಸ್ ಝೀರೋ ಕಂಪನಿ, ಒಂದ ಸಲ ಬಳಸಿ ಒಗಿಯೂದ ಏನೂ ಇರಬಾರದು. ಸರ್ಟಿಫಿಕೇಟ್ ಕೊಡವರು ಬಂದ ಕಸದ ಡಬ್ಬಿ ತಗದ ನೋಡ್ತಾರ. ಅದರಾಗ ಹರದ ಗ್ಲೌಸ್ ಸಿಕ್ರ ನನ್ನ ಮಾರಿಗೆ ಉಗಳತಾರ. ಸ್ವಲ್ಪ ಪ್ಲಾನೆಟ್ ಬಗ್ಗೆನೂ ವಿಚಾರ ಮಾಡ್ರಿ.”

ಮಾರನೇ ವಾರ ಅವನು ತಂದುಕೊಟ್ಟದ್ದು ಬಯೋ ಹತ್ತಿಯ ಗ್ಲೌಸು. ಹತ್ತಿ ಕಾಸ್ಟಿಕ್ ಹೀರಿಕೊಂಡು ಬೆರಳಿಗೆ ಅಂಟಿ ಕೂತಿತು. ರಫಿಯಾ ಅದನ್ನು ಕಿತ್ತು ನೆಲಕ್ಕೆ ಬಡಿದಳು. “ಇವನ ಪ್ಲಾನೆಟ್‌ಗೆ ಬೆಂಕಿ ಹಾಕಾ! ಬರೇ ಕೈನೇ ಬೇಸಿ ಭಾಯಿ.” ಅಂದಿನಿಂದ ಬರಿಗೈ. ಈಚೆಗೆ ನನ್ನ ಹೆಬ್ಬೆರಳಿಗೆ ನನ್ನ ಫೋನೇ ತೆರೆಯುವುದಿಲ್ಲ. ಬೆರಳ ತುದಿಗಳು ತುಳಿದು ತುಳಿದು ಸವೆದ ಮೆಟ್ಟಿಲಿನ ಹಾಗೆ ನುಣ್ಣಗಾಗಿವೆ.

ಬಿಟ್ಟು ಹೋಗಬಹುದಿತ್ತಲ್ಲ ಎಂದು ಓದುವವರು ಕೇಳಬಹುದು. ಕೇಳಿ, ಬಿಟ್ಟಿ ಸಲಹೆಯಿಂದ ಯಾರಪ್ಪನ ಗಂಟೂ ಹೋಗುವುದಿಲ್ಲ. ನಾನು ಇಲ್ಲಿನ ಯೇನಾ ಎಂಬ ಊರಿನಲ್ಲಿ ಎಂಎಸ್ಸಿ ಮುಗಿಸಿದವನು, ಅದೂ ಪರಿಸರ ನಿರ್ವಹಣೆಯಲ್ಲಿ. ಓದು ಮುಗಿಸಿದವರಿಗೆ ಕೆಲಸ ಹುಡುಕಲೆಂದು ಈ ದೇಶ ಕೊಡುವ ಪರವಾನಗಿ ಜೂನ್‌ಗೆ ಮುಗಿಯುತ್ತದೆ. ಅಷ್ಟರೊಳಗೆ ಓದಿಗೆ ತಕ್ಕ ಕೆಲಸದ ಕರಾರು ಕೈಯಲ್ಲಿರಬೇಕು, ಇಲ್ಲದಿದ್ದರೆ ಊರಿನ ದಾರಿ. ಊರಲ್ಲಿ ನನ್ನ ಓದಿಗೆಂದು ಅಪ್ಪ ಅಡವಿಟ್ಟ ಮನೆ ಇದೆ, ಬೇರೆ ಏನೂ ಇಲ್ಲ. ಸುನಿಲಕುಮಾರ ನನ್ನನ್ನು ಸಸ್ಟೈನಬಿಲಿಟಿ ಮ್ಯಾನೇಜರ್ ಮಾಡುವ ಕರಾರನ್ನು ಟೈಪು ಮಾಡಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದ. ಸಹಿ ಮಾತ್ರ ಹಾಕಿರಲಿಲ್ಲ.

“ಆ ಪ್ರೈಜ್ ಕಮಿಟಿ ಬಂದ ಹೋಗಲಿ ಅಡಿವ್ಯಾ. ಅವತ್ತ ಸಂಜೀಕ ಸೈನ್. ನಮ್ಮ ಕಡೆ ಹುಡುಗಗ ನಾ ಮಾಡ್ದ ಇನ್ನ್ಯಾರ್ ಮಾಡಬೇಕು?”

ನಮ್ಮ ಕಡೆ ಅನ್ನುವ ಮಾತು ಅವನ ಬಾಯಲ್ಲಿ ಬಂದಾಗೆಲ್ಲ ನನಗೆ ಮ್ಯೂನಿಕ್‌ನ ಯುಗಾದಿ ಊಟ ನೆನಪಾಗುತ್ತದೆ. ಅಲ್ಲಿಯೇ ಅವನು ಮೊದಲು ಸಿಕ್ಕಿದ್ದು.

“ಯಾವೂರಪಾ?”

“ಹುನಗುಂದ ತಾಲೂಕ ರಿ.”

“ಊರಾಗ ಎಲ್ಲಿ?”

“ಅಗಸಿ ಹೊರಗ ರಿ.”

“ಇರಲಿ ಬಿಡು, ಇಲ್ಲಿ ಅದನ್ನೆಲ್ಲಾ ಯಾರ ನೋಡ್ತಾರ” ಅಂದ. ಅಂದವನು ಹೋಳಿಗೆಯ ತಾಟನ್ನು ಬಲಗೈಯಿಂದ ಎಡಗೈಗೆ ದಾಟಿಸಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಪ್ರೈಜ್ ಎಂದರೆ ‘ಹಸಿರು ಉದ್ಯಮಿ’ ಎಂಬ ಪ್ರಶಸ್ತಿ. ಅದರ ಸಮಿತಿ ಮೇ ತಿಂಗಳಲ್ಲಿ ಬರುವುದೆಂದು ಗೊತ್ತಾದ ಕೂಡಲೇ ಸುನಿಲಕುಮಾರ ತನ್ನ ತಾಯಿಯನ್ನು ಧಾರವಾಡದಿಂದ ಕರೆಸಿಕೊಂಡ. ಸೀರೆಯುಟ್ಟ ಅಜ್ಜಿ ಇದ್ದರೆ ಫೋಟೋಕ್ಕೆ ಕಳೆ ಅಂತೆ. ಸಾವಿತ್ರವ್ವ ಕೆಟ್ಟ ಹೆಂಗಸಲ್ಲ. ಬಂದ ಮಾರನೇ ದಿನವೇ ಶೆಡ್ಡಿಗೆ ಬಂದು ನನ್ನ ಕೈ ನೋಡಿ ಮಮ್ಮಲ ಮರುಗಿದಳು.

“ಅಯ್ಯ ಶಿವನ, ಏನೋ ಇದು ಕೈ? ಕೊಬ್ರಿ ಎಣ್ಣಿ ಹಚಗೋಬಾರದೇನಪಾ? ಎಲ್ಲಿಯಂವಪಾ ನೀ, ಯಾರ ಪೈಕಿ?”

ನಾನು ಬಾಯಿ ತೆರೆಯುವ ಮೊದಲೇ ಸುನಿಲಕುಮಾರ ಹೇಳಿದ: “ನಮ್ಮಂವನ ಬೇ. ಹುನಗುಂದ ಕಡಿಯಂವ.”

ಅವನಿಗೆ ಬೇಕಾಗಿತ್ತು ಆ ಸುಳ್ಳು. ಸಾವಿತ್ರವ್ವನಿಗೆ ಬಟ್ಟಲಿನ ವ್ಯಾಪಾರವೇ ಅಸಹ್ಯವಾಗಿತ್ತು. ಕಂಡಕಂಡವರ ಎಂಜಲು, ದನದ ಮಾಂಸ ಉಂಡ ಬಟ್ಟಲು, ಅದರಲ್ಲೇ ಮತ್ತೊಬ್ಬರಿಗೆ ಊಟ. ಮಗ ಕೊರಳಲ್ಲಿ ಲಿಂಗ ಕಟ್ಟಿಕೊಂಡು ಎಂಥ ಧಂಧೆ ಹಿಡಿದನಪ್ಪಾ ಎಂದು ಅವಳ ಕೊರಗು. ಅದಕ್ಕೆ ಸುನಿಲಕುಮಾರ ಒಂದು ಉಪಾಯ ಮಾಡಿದ್ದ. ಹೊಸ ಬಟ್ಟಲುಗಳ ಒಂದು ಪೆಟ್ಟಿಗೆಯನ್ನು ಬೇರೆ ಇಡಿಸಿದ. ಮದುವೆ ಮನೆಗೆ ಎರವಲು ಕೊಟ್ಟ ಪಾತ್ರೆ ಬೆರಕೆಯಾಗದಿರಲೆಂದು ನಮ್ಮ ಕಡೆ ಗುರುತು ಹಾಕುವುದಿಲ್ಲವೆ, ಹಾಗೆ ಸಾವಿತ್ರವ್ವ ಒಂದೊಂದರ ತಳಕ್ಕೂ ಸೊಸೆಯ ಕೆಂಪು ಉಗುರುಬಣ್ಣದಿಂದ ಚುಕ್ಕೆ ಇಟ್ಟಳು. ಕೆಂಪು ಚುಕ್ಕೆಯವು ಮನೆಯವರಿಗೆ, ನೆಂಟರಿಗೆ, ಕನ್ನಡದ ಮಂದಿಯ ಹಬ್ಬದೂಟಕ್ಕೆ. ಅವು ಊರು ತಿರುಗಬಾರದು.

“ಇವನ್ನ ಮಷಿನ್‌ದಾಗ ಹಾಕಬ್ಯಾಡ್ರಿ” ಅಂದ ಸುನಿಲಕುಮಾರ. “ಅಡಿವ್ಯಾ, ನೀ ಕೈಲೆ ತೊಳದ ಬ್ಯಾರೆ ಇಡು. ರಫಿಯಾ, ನೀವೇನ್ ಇವಕ್ಕ ಕೈ ಹಚ್ಚಬ್ಯಾಡ್ರಿ. ಅವ್ವನ ಸಮಾಧಾನಕ್ಕ, ಬ್ಯಾರೆ ಏನಿಲ್ಲ.”

“ಇಲ್ರಿ ಸರ, ನಾವ್ಯಾಕ ಹಚ್ಚೂನು” ಅಂದಳು ರಫಿಯಾ. ಅವನು ಹೋದ ಮೇಲೆ ನನ್ನ ಕಡೆ ತಿರುಗಿದಳು. “ಭಾಯಿ, ನೀ ಅವರಂವ ಯಾವಾಗ ಆದಿ?”

“ಅಜ್ಜಿ ಇರೂತನಕ ಅಕ್ಕಾ. ಬಾಡಿಗಿ ಮ್ಯಾಲ.”

ಅವಳು ಎಂಜಲು ಬಟ್ಟಲುಗಳ ಕಡೆ ತಿರುಗಿದಳು.

ಸಾವಿತ್ರವ್ವ ಊರಿನಿಂದ ಇನ್ನೊಂದು ವಸ್ತು ತಂದಿದ್ದಳು. ಮಗನೇ ಹಟ ಹಿಡಿದು ತರಿಸಿದ್ದನಂತೆ. ಆಫೀಸಿನ ಮುಂಭಾಗದಲ್ಲಿ ಗಾಜಿನ ಹಲಗೆ ಬಡಿದು ಮೇಲೊಂದು ದೀಪ ಹಾಕಿಸಿಯಾಗಿತ್ತು. ಸಾವಿತ್ರವ್ವ ಗಂಟು ಹಾಕಿದ ಪ್ಲಾಸ್ಟಿಕ್ ಚೀಲವನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು.

“ನಾ ಮಡಿಲೆ ಅದೀನಿ. ನೀನ ಬಿಚ್ಚಿ ಇಡಪಾ ಅದನ್ನ.”

ಬಿಚ್ಚಿದೆ. ಒಳಗೆ ಒಂದು ಅಲ್ಯೂಮಿನಿಯಂ ಬಟ್ಟಲಿತ್ತು. ಅಂಚು ನೆಗ್ಗಿ, ಒಳಗೆಲ್ಲ ಚಹಾದ ಕಂದು ಗೆರೆ ಕೂತು, ತಳಕ್ಕೆ ಇನ್ನೂ ಮಣ್ಣು ಅಂಟಿತ್ತು. ಮುಟ್ಟಿದ ಕೂಡಲೇ ನನ್ನ ಕೈಗೆ ಅದರ ಗುರುತು ಸಿಕ್ಕಿತು.

“ಯಾರದವ್ವಾ ಇದು?”

“ನಮ್ಮ ಆಳಮನಶಾ ದುರಗ್ಯಾನ್ದು. ಹೊಲೇರಂವ. ಅಂವ ಸತ್ತು ಭಾಳ ವರ್ಷಾತು. ದನದ ಮನಿ ಹೊರಗ್ವಾಡಿ ಗೂಡಿನ್ಯಾಗ ಹಂಗ ಇತ್ತು, ಯಾರೂ ಮುಟ್ಟಿರಲಿಲ್ಲ. ಇಂವಗ ಯಾಕ ಬೇಕಾಗೇತೋ ಆ ದರಿದ್ರ!”

ಅದು ನಮ್ಮಪ್ಪನ ಬಟ್ಟಲಲ್ಲ. ಆದರೆ ನಮ್ಮೂರ ಗೌಡರ ದನದ ಮನೆಯ ಹೊರಗೋಡೆಯಲ್ಲಿಯೂ ಇಂಥದೇ ಗೂಡಿತ್ತು. ಅಪ್ಪ ಬಟ್ಟಲು ತೆಗೆದುಕೊಂಡು, ಒಳಗೆ ಹರಿದಾಡುವ ಇರುವೆಗಳನ್ನು ಊದಿ, ಕುಕ್ಕರುಗಾಲಲ್ಲಿ ಕೂತು ಹಿಡಿಯುತ್ತಿದ್ದ. ಗೌಡತಿ ಮೇಲೆ ನಿಂತು, ತಾಗದಂತೆ, ಚಹಾ ಸುರಿಯುತ್ತಿದ್ದಳು. ಅದು ಬಿಸಿಯಾಗಿರುತ್ತಿತ್ತು, ಕೈಗೆ ಸಿಡಿಯುತ್ತಿತ್ತು. ಕುಡಿದು, ತಾನೇ ತೊಳೆದು, ಮತ್ತೆ ಅದೇ ಗೂಡಿನಲ್ಲಿ ಬೋರಲು ಹಾಕಿ ಬರುತ್ತಿದ್ದ. ನಾನು ಬೇಲಿಯ ಆಚೆ ನಿಂತು ನೋಡುತ್ತಿದ್ದೆ. ಚಹಾ ಅನ್ನುವುದು ಮೇಲಿಂದ ಬೀಳುವ ವಸ್ತು ಎಂದೇ ತಿಳಿದಿದ್ದೆ.

ಗಾಜಿನ ಹಲಗೆಯ ಮೇಲೆ ಇಟ್ಟೆ. ದೀಪ ಹಾಕಿದರು. ಆ ದರಿದ್ರ ಬಟ್ಟಲು ಬೆಳ್ಳಿಯ ಹಾಗೆ ಹೊಳೆಯಿತು.

ಸಮಿತಿ ಬರುವ ದಿನ ಕಪ್ಪು ಚೀಲಗಳೆಲ್ಲ ವ್ಯಾನಿನಲ್ಲಿ ಮೊದಲೇ ಹೊರಟುಹೋದವು. ನನಗೆ, ರಫಿಯಾಗೆ ಹಸಿರು ಏಪ್ರನ್ ಬಂತು. “ಗ್ಲೌಸ್ ಯಾಕಿಲ್ಲ ಅಂತ ಕೇಳಿದ್ರ, ಬರಿಗೈಲೆ ತೊಳದ್ರ ಸ್ವಚ್ಛ ಆಗಿದ್ದು ಗೊತ್ತಾಗತೈತಿ ಅನ್ರಿ. ಕೈ ಹಿಂದ ಇಟಗೋರಿ. ಮತ್ತ ನಗ್ರಿ ಸ್ವಲ್ಪ, ಸತ್ತ ಮನ್ಯಾಗ ಬಂದಂಗ ನಿಂದರಬ್ಯಾಡ್ರಿ” ಎಂದು ಸುನಿಲಕುಮಾರ ಪಾಠ ಮಾಡಿದ. ಕರಾರಿನ ಹಾಳೆಯನ್ನು ನನಗೆ ಕಾಣುವಂತೆ ಮೇಜಿನ ಅಂಚಿಗೆ ಇಟ್ಟಿದ್ದ, ಮೇಲೆ ಪೆನ್ನು. ನಾಯಿಗೆ ರೊಟ್ಟಿ ತೋರಿಸುವ ಹಾಗೆ.

ಸಮಿತಿಯ ಮುಖ್ಯಸ್ಥೆ ಫ್ರಾವ್ ಲೆಶ್ನರ್. ಬಿಳಿ ಕೂದಲಿನ, ಮೆತ್ತನೆ ಮಾತಿನ ಹೆಂಗಸು. ಸೈಕಲ್ ಮೇಲೆ ಬಂದಿದ್ದಳು. ಜೊತೆಗೆ ಇನ್ನಿಬ್ಬರು, ಒಬ್ಬ ಫೋಟೋದವನು. ಶೆಡ್ಡು ನೋಡಿದರು, ಮಷಿನ್ ನೋಡಿದರು, ಕಸದ ಡಬ್ಬಿ ತೆರೆದು ನೋಡಿ ತಲೆದೂಗಿದರು. ನನ್ನ ಕೈ ಹಿಂದೆಯೇ ಇತ್ತು. ಬಂದವರೂ ಅವತ್ತು ನೆಂಟರೆಂದು, ಊಟಕ್ಕೆ ಕೆಂಪು ಚುಕ್ಕೆಯ ಬಟ್ಟಲುಗಳಲ್ಲಿ ಗೋಧಿ ಹುಗ್ಗಿ, ಬದನೆಕಾಯಿ ಎಣಗಾಯಿ ಬಡಿಸಿದ್ದೂ ನಾನೇ. ಸಾವಿತ್ರವ್ವ ನನ್ನ ಬೆನ್ನು ತಟ್ಟಿ, “ನೀನೂ ಉಣ್ಣೋ ಮಗನ, ಮುಂಜಾನಿಂದ ಹಸಕೊಂಡೀದಿ” ಎಂದು ಒಂದು ಬಟ್ಟಲು ತುಂಬಿ ಕೊಟ್ಟಳು. ಅವಳ ಕೈಯಾರೆ. ಗೋಡೆಯ ಕಡೆ ತಿರುಗಿ ನಿಂತು ಉಂಡೆ. ಅಂಥ ಅಕ್ಕರೆಯನ್ನು ಮತ್ತೊಬ್ಬರ ಹೆಸರಿನಲ್ಲಿ ಉಣ್ಣುವುದು ಸುಲಭವಲ್ಲ.

ಊಟವಾದ ಮೇಲೆ ಸುನಿಲಕುಮಾರ ಗಾಜಿನ ಹಲಗೆಯ ಪಕ್ಕ ನಿಂತು ಭಾಷಣ ಶುರು ಮಾಡಿದ. ಅವನ ಜರ್ಮನ್ ಚೆನ್ನಾಗಿದೆ.

“ನನ್ನ ಉದ್ಯಮ ಹುಟ್ಟಿದ್ದು ಮ್ಯೂನಿಕ್‌ನಲ್ಲಿ ಅಲ್ಲ, ನನ್ನ ಅಜ್ಜನ ಮನೆಯಲ್ಲಿ. ಅಲ್ಲಿ ಬಿಸಾಡುವುದು ಎಂಬುದೇ ಇರಲಿಲ್ಲ. ಹೊಲದಲ್ಲಿ ದುಡಿಯುವ ಒಬ್ಬೊಬ್ಬನಿಗೂ ಅವನದೇ ಬಟ್ಟಲು. ಕುಡಿದವನೇ ತೊಳೆದು, ತನ್ನ ಗೂಡಿನಲ್ಲಿ ಇಡುತ್ತಿದ್ದ. ಒಬ್ಬ ಮನುಷ್ಯನ ಇಡೀ ಬಾಳಿಗೆ ಒಂದೇ ಬಟ್ಟಲು. ಇವತ್ತು ನೀವು ಸರ್ಕ್ಯುಲರ್ ಎಕಾನಮಿ ಅನ್ನುವುದನ್ನು ನಾವು ತಲೆಮಾರುಗಳಿಂದ ಬದುಕಿದ್ದೇವೆ.”

“ಆ ಗೂಡು ಎಲ್ಲಿರುತ್ತಿತ್ತು?” ಫ್ರಾವ್ ಲೆಶ್ನರ್ ಕೇಳಿದಳು.

“ಹೊರಗೋಡೆಯಲ್ಲಿ. ಗಾಳಿ, ಬಿಸಿಲು ಆಡುವ ಕಡೆ. ಒಣಗಿಸಲು ಕರೆಂಟೂ ಬೇಕಿರಲಿಲ್ಲ.”

ಎಲ್ಲರೂ ನಕ್ಕರು. ನಾನು ಮೇಜಿನ ಮೇಲಿನ ಹಾಳೆಯನ್ನೇ ನೋಡುತ್ತ ನಿಂತೆ. ಒಂದು ಸಹಿ. ಸಂಜೆಯವರೆಗೆ ಹಲ್ಲು ಕಚ್ಚಿಕೊಂಡರೆ ಆಯಿತು.

“ನಾನು ಇದರಲ್ಲಿ ಕುಡಿಯಬಹುದೆ?” ಅಂದಳು ಫ್ರಾವ್ ಲೆಶ್ನರ್. ಫೋಟೋದವನು ಎದ್ದು ನಿಂತ. ಸುನಿಲಕುಮಾರನ ಮುಖ ಅರಳಿತು. “ಅಡಿವ್ಯಾ, ಲಗೂನ ತೊಳದ ಚಾ ಹಾಕ್ಕೊಂಡ ಬಾ.”

ತೊಳೆದೆ. ದುರಗ್ಯಾ ತೊಳೆದಿಟ್ಟ ಮೇಲೆ ಅದಕ್ಕೆ ನೀರು ತಾಗಿದ್ದು ಅದೇ ಮೊದಲಿರಬೇಕು. ಚಹಾ ತುಂಬಿ ತಂದುಕೊಟ್ಟೆ. ಅವಳು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಫೋಟೋ ಬಿತ್ತು. ಆಮೇಲೆ ಬಟ್ಟಲನ್ನು ಸುನಿಲಕುಮಾರನ ಕಡೆ ಚಾಚಿದಳು. “ಈಗ ನೀವು. ಇಬ್ಬರೂ ಒಂದೇ ಬಟ್ಟಲಿನಿಂದ. ಅದೇ ನಿಜವಾದ ಚಿತ್ರ.”

ಸುನಿಲಕುಮಾರ ತೆಗೆದುಕೊಂಡ. ತುಟಿಯವರೆಗೆ ಒಯ್ದ.

“ಬ್ಯಾಡೋ ತಮ್ಮಾ!” ಸಾವಿತ್ರವ್ವ ಕುರ್ಚಿಯಿಂದ ಎದ್ದೇಬಿಟ್ಟಳು. “ಬಾಯಿ ಹಚ್ಚಬ್ಯಾಡ! ಹೊಲೇರ ಬಟ್ಟಲೋ ಅದು! ಕೊಳ್ಳಾಗ ಲಿಂಗ ಐತಿ, ಕೆಟ್ಟ ಹೋಗ್ತಿ!”

ಸುನಿಲಕುಮಾರನ ಕೈ ಅರ್ಧದಲ್ಲಿ ನಿಂತಿತ್ತು. ತುಟಿಗೂ ಬಟ್ಟಲಿಗೂ ಒಂದು ಕಾಳಿನಷ್ಟು ಅಂತರ. ಕುಡಿದರೆ ತಾಯಿ, ಕುಡಿಯದಿದ್ದರೆ ಪ್ರೈಜು.

“ಅಜ್ಜಿ ಏನಂದರು?” ಫ್ರಾವ್ ಲೆಶ್ನರ್ ಕೇಳಿದಳು.

“ಇದು ನಮಗೆ ಬಹಳ ಪವಿತ್ರ ಅಂತ.” ಅವನು ಬೆವರೊರೆಸಿಕೊಂಡು ಬಟ್ಟಲನ್ನು ನನ್ನ ಕೈಗೆ ತುರುಕಿದ. “ಹೊಲದಲ್ಲಿ ದುಡಿಯುವವರ ಮನೆತನದ ಹುಡುಗ ಇವನು. ಕುಡಿಯುವ ಹಕ್ಕು ಇವನದು.” ಆಮೇಲೆ ಹಲ್ಲಿನ ಸಂದಿಯಿಂದ ಕನ್ನಡದಲ್ಲಿ: “ಕುಡಿಯಲೇ. ಕುಡದ ಹಲ್ಲ ಕಿಸಿ. ಈಗಿಂದೀಗ ಸೈನ್ ಹಾಕ್ತೀನಿ.”

ನಾನು ಬಟ್ಟಲು ಎತ್ತಿದೆ. ಸುಳ್ಳು ಹೇಳುವುದಿಲ್ಲ, ಕುಡಿಯಲೆಂದೇ ಎತ್ತಿದೆ. ಅಷ್ಟರಲ್ಲಿ ಸಾವಿತ್ರವ್ವ ಓಡಿಬಂದು ನನ್ನ ಮುಂಗೈ ಹಿಡಿದಳು.

“ಅಯ್ಯ, ಇಂವಗ್ಯಾಕ ಕುಡಸ್ತೀ? ಬಡವರ ಮಗಾ ಅಂತ ಜಾತಿ ಕೆಡಸ್ತೀಯೇನ? ಇಂವಾ ನಮ್ಮಂವ ಅಲ್ಲೇನೋ?”

“ಇಂವಗ ನಡೀತೈತಿ ಬೇ, ಬಿಡ ಅವನ್ನ! ಇಂವಾ ಅವರ ಪೈಕಿನ!”

ಸಾವಿತ್ರವ್ವ ನನ್ನ ಮುಖ ನೋಡಿದಳು. ನನ್ನ ಮುಂಗೈ ಬಿಟ್ಟಳು. ಆಮೇಲೆ ತನ್ನ ಅಂಗೈ ನೋಡಿಕೊಂಡಳು, ಮೇಜಿನ ಮೇಲೆ ಸಾಲಾಗಿ ಕೂತ ಕೆಂಪು ಚುಕ್ಕೆಯ ಬಟ್ಟಲುಗಳನ್ನು ನೋಡಿದಳು. ಅವಳು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಬಹಳ ಹೊತ್ತು ಒರೆಸಿಕೊಂಡಳು.

ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಆದರೂ ಬಾಯಿ ತಾನಾಗಿ ತೆರೆಯಿತು. ಜರ್ಮನ್‌ನಲ್ಲಿ ಹೇಳಿದೆ.

“ಆಕೆ ಪವಿತ್ರ ಅನ್ನಲಿಲ್ಲ. ಇದು ಹೊಲೆಯರ ಬಟ್ಟಲು, ಬಾಯಿ ಹಚ್ಚಿದರೆ ಕೆಡುತ್ತೀ ಅಂದಳು. ಗೂಡು ಹೊರಗೋಡೆಯಲ್ಲಿ ಇದ್ದದ್ದು ಬಿಸಿಲಿಗಲ್ಲ, ನಾವು ಒಳಗೆ ಬರಬಾರದು ಅಂತ. ನಮ್ಮಪ್ಪ ಇರುವೆ ಊದಿ ಇಂಥದರಲ್ಲಿ ಕುಡಿಯುತ್ತಿದ್ದ. ಇಲ್ಲಿಯ ಕಥೆ ಬೇಕಾದರೆ ಇದನ್ನು ನೋಡಿ.” ಹಿಂದೆ ಇಟ್ಟುಕೊಂಡಿದ್ದ ಎಡಗೈಯನ್ನು ಮುಂದೆ ಹಿಡಿದೆ. “ಇವರ ಕಸದ ಡಬ್ಬಿಯಲ್ಲಿ ಗ್ಲೌಸು ಇಲ್ಲ, ಯಾಕೆಂದರೆ ನಮ್ಮ ಕೈಯಲ್ಲೂ ಇಲ್ಲ. ಸಾವಿರ ಊಟದ ಬಟ್ಟಲುಗಳು ಇವತ್ತು ಬೆಳಿಗ್ಗೆ ಆ ಚಿಮಣಿಗೆ ಹೋಗಿವೆ.”

ಫ್ರಾವ್ ಲೆಶ್ನರ್ ನನ್ನ ಕೈ ನೋಡಿದಳು. ಅವಳ ಕಣ್ಣು ತುಂಬಿಬಂತು. ನಾಟಕವಲ್ಲ, ನಿಜವಾಗಿಯೇ. ಒಂದು ಕ್ಷಣ ನನಗೆ ಆಸೆಯಾಯಿತು. ಆ ಆಸೆಯ ಮೇಲೆ ನನಗೆ ಈಗಲೂ ಸಿಟ್ಟಿದೆ.

“ಎಂಥ ಶಕ್ತಿ ಇದೆ ಈ ಕಥೆಯಲ್ಲಿ” ಅಂದಳು. ಅಂದು, ಸುನಿಲಕುಮಾರನ ಕಡೆ ತಿರುಗಿದಳು. “ಹೆರ್ ಸುನಿಲಕುಮಾರ, ನೀವು ಇದನ್ನು ಮುಚ್ಚಿಡಬಾರದಿತ್ತು. ಅವಮಾನದ ಬಟ್ಟಲನ್ನು ನೀವು ಎಲ್ಲರೂ ಹಂಚಿಕೊಳ್ಳುವ ಬಟ್ಟಲು ಮಾಡಿದ್ದೀರಿ. ಇಂಥ ಸಮುದಾಯದ ಯುವಕನಿಗೆ ಕೆಲಸ ಕೊಟ್ಟಿದ್ದೀರಿ. ಇದು ಬರೀ ಪರಿಸರವಲ್ಲ, ಸಾಮಾಜಿಕ ಸುಸ್ಥಿರತೆ. ಗ್ಲೌಸಿನ ವಿಷಯ ಸರಿಪಡಿಸಿ, ಅದು ಸಣ್ಣದು.”

ಚಿಮಣಿಯ ಮಾತನ್ನು ಯಾರೂ ಎತ್ತಲಿಲ್ಲ. ಸುನಿಲಕುಮಾರನ ಮುಖಕ್ಕೆ ರಕ್ತ ಮರಳಿತು. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಮನುಷ್ಯ ಬುದ್ಧಿವಂತ.

“ನೀವು ಕುಡಿಯುತ್ತೀರಾ, ಒಂದು ಚಿತ್ರಕ್ಕೆ?” ಅವಳು ನನ್ನನ್ನು ಬಹಳ ಮರ್ಯಾದೆಯಿಂದ ಕೇಳಿದಳು.

ನಾನು ಬಟ್ಟಲನ್ನು ಬೋರಲು ಹಾಕಿದೆ. ಚಹಾ ನೆಲಕ್ಕೆ ಚೆಲ್ಲಿತು. ಫೋಟೋದವನು ಅದನ್ನೂ ಹಿಡಿದುಕೊಂಡ.

ಪ್ರೈಜ್ ಬಂತು. ಬಟ್ಟಲು ಬೋರಲು ಹಿಡಿದ ನನ್ನ ಕೈ, ಬೀಳುತ್ತಿರುವ ಚಹಾ, ಇದನ್ನು ಶೆಡ್ಡಿನ ಗೋಡೆಯಷ್ಟು ದೊಡ್ಡದು ಮಾಡಿಸಿ ಹಚ್ಚಿದರು. ಕೆಳಗೆ ಬರೆಸಿದ್ದು: ಹಳೆಯದನ್ನು ಚೆಲ್ಲೋಣ, ಹೊಸದನ್ನು ತುಂಬೋಣ. ಕೈಯ ಸುಲಿದ ಚರ್ಮವನ್ನು ಕಂಪ್ಯೂಟರಿನಲ್ಲಿ ನಯ ಮಾಡಿದ್ದಾರೆ.

ಕರಾರಿನ ಹಾಳೆ ಮೇಜಿನ ಮೇಲಿಂದ ಕಾಣೆಯಾಯಿತು.

“ಸೈನ್ ಅಂತ ಸೈನ್! ಸೂಳೆಮಗನ, ನಮ್ಮವ್ವನ ಮುಂದ, ಜರ್ಮನ್ರ ಮುಂದ ನನ್ನ ಮಾನಾ ಕಳದಿ. ತಿಂಗಳ ಕಡೀಕ ಗಂಟ ಕಟ್ಟು. ಊರಿಗೆ ಹೋಗಿ ಇರಬಿ ಊದು.”

“ಪ್ರೈಜ್ ಬಂತಲ್ಲ ಸರ.”

“ಅದು ನನ್ನ ನಸೀಬ. ನಿನ್ನ ನಸೀಬ ನೀ ನೋಡ್ಕೊ.”

ಕೆಂಪು ಚುಕ್ಕೆಯ ಇಡೀ ಪೆಟ್ಟಿಗೆ ಚೀಲಕ್ಕೆ ಹೋಯಿತು. ಒಮ್ಮೆ ಹುಗ್ಗಿ ಉಂಡ ಬಟ್ಟಲುಗಳು, ಒಂದು ಗೀರೂ ಇಲ್ಲದವು. ನಾನು ಮುಟ್ಟಿದ್ದೊಂದೇ ಕಲೆ. ಸಾವಿತ್ರವ್ವ ಹೊಸ ಪೆಟ್ಟಿಗೆ ತರಿಸಿ, ಕೂತು, ಮತ್ತೆ ಒಂದೊಂದಕ್ಕೂ ಚುಕ್ಕೆ ಇಟ್ಟಳು. ಭಾನುವಾರ ಸುನಿಲಕುಮಾರನ ಹೊಸ ಮನೆಯ ಪ್ರವೇಶವಿತ್ತು, ಮ್ಯೂನಿಕ್ ಸುತ್ತಲಿನ ನಮ್ಮ ಕಡೆ ಮಂದಿಯೆಲ್ಲ ಬರುವವರಿದ್ದರು. ಪೆಟ್ಟಿಗೆ ಮೇಲಿನ ಹಲಗೆಯಲ್ಲಿ ಬಟ್ಟೆ ಮುಚ್ಚಿಕೊಂಡು ಕೂತಿತು. ಸಾವಿತ್ರವ್ವ ಈಗ ಶೆಡ್ಡಿನೊಳಗೆ ಬರುತ್ತಿರಲಿಲ್ಲ. ಒಮ್ಮೆ ಬಾಗಿಲ ಹೊರಗೆ ನಿಂತು, ಕೊಬ್ಬರಿ ಎಣ್ಣೆಯ ಶೀಶೆಯನ್ನು ಹೊಸ್ತಿಲ ಮೇಲೆ ಇಟ್ಟು, ನನ್ನ ಕಡೆ ನೋಡದೆ ಹೋದಳು.

ಶನಿವಾರ ಮಧ್ಯಾಹ್ನದ್ದು ನನ್ನ ಕೊನೆಯ ಪಾಳಿ. ಮೇಲಿನ ಪೆಟ್ಟಿಗೆ ಇಳಿಸಿದೆ. ಒಂದು ಬಟ್ಟಲನ್ನು ಕಾಸ್ಟಿಕ್ಕಿನಲ್ಲಿ ಅದ್ದಿ, ತಂತಿಯ ಜುಂಗಿನಿಂದ ಚುಕ್ಕೆ ತಿಕ್ಕಿದೆ. ಉಗುರುಬಣ್ಣ ಸುಲಿದು ಬಂತು.

ರಫಿಯಾ ನೋಡುತ್ತಿದ್ದಳು. “ಏನ್ ಮಾಡಾಕತ್ತೀ ಭಾಯಿ?”

“ಗೃಹಪ್ರವೇಶಕ್ಕ ತಯಾರಿ ಅಕ್ಕಾ.”

ಅವಳಿಗೆ ತಿಳಿಯಲು ತುಸು ಹೊತ್ತು ಬೇಕಾಯಿತು. ತಿಳಿದ ಮೇಲೆ ತೋಳು ಏರಿಸಿಕೊಂಡು ಪಕ್ಕದಲ್ಲಿ ನಿಂತಳು. “ಕೊಡಿಲ್ಲಿ. ನನಗೂ ಕೈ ಹಚ್ಚಬ್ಯಾಡ ಅಂದಾನಲ್ಲ, ಹಚ್ಚೇ ಬಿಡ್ತೀನಿ.”

ಇಬ್ಬರೂ ತಿಕ್ಕಿದೆವು. ಚುಕ್ಕೆ ಹೋದವುಗಳನ್ನು, ಹಿಂದಿನ ದಿನ ಕ್ಯಾಂಟೀನುಗಳಿಂದ ಬಂದ ಎಂಜಲು ಬಟ್ಟಲುಗಳ ನಡುವೆ ಸೇರಿಸಿ ಮಷಿನ್ನಿಗೆ ಹಾಕಿದೆವು. ಎಲ್ಲ ಒಂದಾಗಿ ಉಗಿ ಬಿಡುತ್ತ ಹೊರಗೆ ಬಂದವು. ಅದರಲ್ಲಿ ಬೆಳ್ಳಗಿದ್ದವನ್ನು ಕೈಗೆ ಸಿಕ್ಕಂತೆ ಆರಿಸಿ ಪೆಟ್ಟಿಗೆ ತುಂಬಿದೆವು. ರಫಿಯಾ ತನ್ನ ಚೀಲದಿಂದ ಕೆಂಪು ಉಗುರುಬಣ್ಣ ತೆಗೆದು ಒಂದೊಂದರ ತಳಕ್ಕೂ ಹೊಸ ಚುಕ್ಕೆ ಇಟ್ಟಳು. ಯಾವುದು ಯಾರು ಉಂಡಿದ್ದೆಂದು ನಮಗೂ ಗೊತ್ತಿಲ್ಲ. ಬಟ್ಟೆ ಮುಚ್ಚಿ ಮೇಲೆ ಇಟ್ಟೆವು. ಭಾನುವಾರ ಎಲ್ಲರೂ ಹೊಟ್ಟೆತುಂಬ ಉಂಡರಂತೆ.

ಸೋಮವಾರ ವಿದೇಶಿಯರಿಗೆ ಪರವಾನಗಿ ಕೊಡುವ ಕಚೇರಿ, ಆಸ್‌ಲೆಂಡರ್‌ಬೆಹ್ಯೋರ್ಡೆಯಲ್ಲಿ ನನ್ನ ಟರ್ಮಿನ್, ಅಂದರೆ ಭೇಟಿಯ ಸರದಿ ಇತ್ತು. ಚಳಿಗಾಲದಲ್ಲಿ, ಕರಾರು ಸಿಗುತ್ತದೆಂಬ ನಂಬಿಕೆಯಲ್ಲಿ ಹಿಡಿದಿದ್ದ ಟರ್ಮಿನ್. ಕರಾರಿಲ್ಲದೆ ಹೋದೆ. ಮೇಜಿನ ಆಚೆಯ ಹೆಂಗಸು ನಾನು ಹೇಳಿದ್ದನ್ನೆಲ್ಲ ಕೇಳಿದಳು. ಇನ್ನೊಂದು ಕೆಲಸ ಹುಡುಕಲು ತುಸು ಸಮಯ ಸಿಗುತ್ತದೋ ಇಲ್ಲವೋ ಮೇಲಿನವರನ್ನು ಕೇಳುತ್ತೇನೆ, ಈಗ ಅರ್ಜಿಯನ್ನಾದರೂ ತೆಗೆದುಕೊಳ್ಳುತ್ತೇನೆ ಅಂದಳು. ಆಮೇಲೆ ಬೆರಳಚ್ಚು ತೆಗೆಯುವ ಸಣ್ಣದೊಂದು ಗಾಜಿನ ಯಂತ್ರವನ್ನು ನನ್ನ ಕಡೆ ಸರಿಸಿದಳು.

“ಬಲಗೈ ತೋರುಬೆರಳು.”

ಒತ್ತಿದೆ. ಯಂತ್ರ ಕೆಂಪು ದೀಪ ತೋರಿಸಿತು.

“ಎಡಗೈ.”

ಒತ್ತಿದೆ. ಅವಳು ಪರದೆಯನ್ನು ನೋಡಿ ಹುಬ್ಬು ಗಂಟಿಕ್ಕಿದಳು. ಗಾಜು ಒರೆಸಿದಳು. ಹೆಬ್ಬೆರಳು, ಮಧ್ಯದ ಬೆರಳು, ಎಲ್ಲ ನೋಡಿಯಾಯಿತು. ಪರದೆಯ ಮೇಲೆ ಬೆರಳಿನ ಆಕಾರದ ಬೂದು ಕಲೆ ಮೂಡುತ್ತಿತ್ತು, ಒಳಗೆ ಒಂದು ಗೆರೆಯೂ ಇರಲಿಲ್ಲ.

“ನೀವು ಏನು ಕೆಲಸ ಮಾಡುತ್ತೀರಿ?” ಅಂದಳು.

“ಪರಿಸರ” ಅಂದೆ.

ಅವಳು ತಲೆಯಾಡಿಸಿ, ಯಂತ್ರವನ್ನು ಮತ್ತೆ ನನ್ನ ಕಡೆ ಸರಿಸಿದಳು. “ಇನ್ನೊಮ್ಮೆ. ಸ್ವಲ್ಪ ಗಟ್ಟಿಯಾಗಿ.”

ಒತ್ತಿದೆ. ಚರ್ಮ ಬಿರಿದು ರಕ್ತ ಗಾಜಿಗೆ ಅಂಟಿತು. ದೀಪ ಇನ್ನೂ ಕೆಂಪಾಗಿಯೇ ಇತ್ತು. ಅವಳು ಡ್ರಾಯರಿನಿಂದ ಪ್ಲಾಸ್ಟಿಕ್ ಗ್ಲೌಸು ತೆಗೆದು ಹಾಕಿಕೊಂಡು, ಗಾಜನ್ನು ಒರೆಸತೊಡಗಿದಳು.